ಬೀರುವಿನೊಳಗಿನ ಕ್ಯಾಮೆರಾ, ಜೇಬಿನೊಳಗಿನ ಫೋನು

ದಸರಾ ಹತ್ತಿರ ಬಂತೆಂದರೆ ನಮ್ಮ ಮನೆಯಾಕೆಗೆ ಬೀರು ಖಾಲಿ ಮಾಡುವ ಹುರುಪು ಬರುತ್ತದೆ. ಹನ್ನೊಂದು ತಿಂಗಳು ಯಾರ ಕಣ್ಣಿಗೂ ಬೀಳದ ವಸ್ತುಗಳು ಆ ಒಂದು ವಾರದಲ್ಲಿ ಒಂದೊಂದಾಗಿ ಹೊರಬಂದು ಹಜಾರದಲ್ಲಿ ಕೂರುತ್ತವೆ. ಪ್ರತಿಯೊಂದಕ್ಕೂ ನಾನು ಸಮಜಾಯಿಷಿ ಕೊಡಬೇಕು. ಈ ಸಲ ಸೆಪ್ಟೆಂಬರ್ ಮೊದಲ ವಾರ ರೇಷ್ಮೆ ಸೀರೆಗಳ ಹಿಂದಿನಿಂದ ಒಂದು ಕಪ್ಪು ಚೀಲ ಹೊರಬಂತು.

"ರೀ, ಇದು ಇನ್ನೂ ಬೇಕಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಎಂಟನೇ ಕ್ಲಾಸಿನ ಮೊಮ್ಮಗಳು ತೀರ್ಪು ಕೊಟ್ಟಳು. "ಬೇಡ ಅಜ್ಜಿ. ತಾತನ ಫೋನಲ್ಲೇ ಐವತ್ತು ಮೆಗಾಪಿಕ್ಸೆಲ್ ಇದೆ. ಇದರಲ್ಲಿ ಬರೀ ಹದಿನಾರು."

ಚೀಲದಲ್ಲಿದ್ದದ್ದು ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 160 ಅನ್ನುವ ಪುಟ್ಟ ಡಿಜಿಟಲ್ ಕ್ಯಾಮೆರಾ. 2013ರಲ್ಲಿ ನಾನು ನಿವೃತ್ತನಾದ ದಿನ ಶಾಖೆಯವರೆಲ್ಲ ದುಡ್ಡು ಹಾಕಿ, ಶಾಲು ಹಾರದ ಜೊತೆಗೆ ಇದನ್ನು ಕೈಗಿಟ್ಟು, "ಇನ್ಮೇಲೆ ಊರೂರು ತಿರುಗಿ ಫೋಟೋ ತೆಗೀರಿ ಸಾರ್" ಅಂದಿದ್ದರು. ಊರೂರು ತಿರುಗಿದ್ದು ಅಷ್ಟಕ್ಕಷ್ಟೆ. ನಾಲ್ಕೈದು ವರ್ಷ ಹಬ್ಬ, ನಾಮಕರಣ, ತಿರುಪತಿ ಎಂದು ಬಳಸಿದೆ. ಆಮೇಲೆ ಮಗ ಫೋನು ಕೊಡಿಸಿದ, ಕ್ಯಾಮೆರಾ ಸೀರೆಗಳ ಹಿಂದೆ ಸೇರಿತು.

ಇದಕ್ಕೊಬ್ಬ ಗಿರಾಕಿಯೂ ಇದ್ದ. ಬೆಂಗಳೂರಿನಲ್ಲಿ ಕಾಲೇಜು ಓದುವ ನನ್ನ ಮಗಳ ಮಗ ಆರು ತಿಂಗಳಿಂದ ಕೇಳುತ್ತಿದ್ದ. ಈಗಿನ ಹುಡುಗರಿಗೆ ಹಳೇ ಡಿಜಿಟಲ್ ಕ್ಯಾಮೆರಾದ ಹುಚ್ಚಂತೆ. ಫ್ಲಾಶ್ ಹೊಡೆದು ಮುಖ ಬೆಳ್ಳಗೆ, ಹಿಂದೆಲ್ಲ ಕಪ್ಪಗೆ ಬಂದ ಫೋಟೋಕ್ಕೇ ಅವರಲ್ಲಿ ಬೆಲೆ. ನಾವು ಅಂಥ ಫೋಟೋ ಬಂದರೆ ಸ್ಟುಡಿಯೋದವರ ಜೊತೆ ಜಗಳಕ್ಕೆ ಹೋಗುತ್ತಿದ್ದೆವು.

ಹದಿನಾರಕ್ಕಿಂತ ಐವತ್ತು ದೊಡ್ಡದು ಎಂಬುದನ್ನು ಬಿ.ಕಾಂ. ಓದಿದವನು ಅಲ್ಲಗಳೆಯಲಾಗದು. ಆದರೂ ನಲವತ್ತು ವರ್ಷದ ಹತ್ತಿರ ಲೆಡ್ಜರ್ ನೋಡಿದವನಿಗೆ ಅಂಕಿ ದೊಡ್ಡದಾದ ಮಾತ್ರಕ್ಕೆ ಲೆಕ್ಕ ಸರಿಯೆನ್ನಿಸುವುದಿಲ್ಲ. "ಹಾಗಾದರೆ ಪಂದ್ಯ ಇಡೋಣ. ಫೋನು ಎಲ್ಲದರಲ್ಲೂ ಗೆದ್ದರೆ ಕ್ಯಾಮೆರಾ ಬೆಂಗಳೂರಿಗೆ" ಎಂದೆ. ಮೊಮ್ಮಗಳು ಕೈ ಮೇಲೆ ಕೈ ಇಟ್ಟಳು. ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಕ್ಯಾಮೆರಾ ಇದ್ದರೆ ನೀವೂ ಈ ಪಂದ್ಯ ಆಡಬಹುದು. ನಮ್ಮಲ್ಲಿ ಏನಾಯಿತು ಎಂದು ಹೇಳುತ್ತೇನೆ.

ಮೊದಲ ಸುತ್ತು ಅಡುಗೆಮನೆಯಲ್ಲಿ. ಸಂಜೆ ಏಳು ಗಂಟೆ, ಒಂದೇ ಬಲ್ಬು, ಅವಳ ಅಜ್ಜಿ ಮುದ್ದೆ ಕಟ್ಟುತ್ತಿದ್ದಳು. ಕ್ಯಾಮೆರಾದಲ್ಲಿ ಫ್ಲಾಶ್ ಇಲ್ಲದೆ ತೆಗೆದರೆ ಕೈ ಅಲುಗಿದ ಹಾಗೆ ಮಸುಕು, ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಫ್ಲಾಶ್ ಹಾಕಿದರೆ ಅಜ್ಜಿ ಸುಣ್ಣ ಬಳಿದುಕೊಂಡ ಹಾಗೆ. ಫೋನಿನಲ್ಲಿ ಮುದ್ದೆಯ ಮೇಲಿನ ಹಬೆ ಸಹಿತ ಬಂತು. ನಾನು ಸೋತೆ, ಅದೂ ಚೆನ್ನಾಗಿ ಸೋತೆ.

ಯಾಕೆ ಸೋತೆ ಅಂತ ತಿಳಿಯಬೇಕಲ್ಲ? ಕ್ಯಾಮೆರಾದ ಒಳಗೆ ಬೆಳಕು ಬೀಳುವ ಒಂದು ಪುಟ್ಟ ಫಲಕ ಇರುತ್ತದೆ, ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಹಿಂದೆ ಫಿಲ್ಮ್ ಮಾಡುತ್ತಿದ್ದ ಕೆಲಸ ಈಗ ಅದರದು. ನನ್ನ ಕ್ಯಾಮೆರಾದ ಸೆನ್ಸರ್ 6 ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರ್ ಎತ್ತರ. ಒಂದು ಕಡಲೆಬೇಳೆಯಷ್ಟು ಅನ್ನಿ. ಕ್ಯಾಮೆರಾ ದಪ್ಪಗಿದೆಯೆಂದು ಅದರ ಸೆನ್ಸರ್ ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ಇವತ್ತಿನ ಎಷ್ಟೋ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ ಇರುವುದು ಅದಕ್ಕಿಂತ ಚಿಕ್ಕದೇನಲ್ಲ. ದುಬಾರಿ ಫೋನುಗಳಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ವಿಸ್ತೀರ್ಣದ್ದು ಇರುತ್ತದೆ.

ಅದಲ್ಲದೆ ಫೋನು ಒಂದು ಜಾಣತನ ಮಾಡುತ್ತದೆ. ನೀವು ಒಂದು ಸಲ ಒತ್ತಿದರೆ ಅದು ಸರಸರನೆ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ಕತ್ತಲಲ್ಲಿ ಬರುವ ಆ ಸಾಸಿವೆ ಚುಕ್ಕೆಗಳು ಒಂದು ಚಿತ್ರದಲ್ಲಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರುವುದಿಲ್ಲ. ಆದರೆ ಅಜ್ಜಿಯ ಮೂಗು ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ. ಸರಾಸರಿ ತೆಗೆದರೆ ಚುಕ್ಕೆ ಅಳಿಯುತ್ತದೆ, ಮೂಗು ಉಳಿಯುತ್ತದೆ. ನಮ್ಮ ಕ್ಯಾಶ್ ಕೌಂಟರಿನಲ್ಲಿ ಒಂದೇ ನೋಟಿನ ಕಟ್ಟನ್ನು ಇಬ್ಬರು ಮೂವರು ಎಣಿಸುತ್ತಿದ್ದದ್ದು ಇದೇ ಕಾರಣಕ್ಕೆ: ತಪ್ಪು ಒಬ್ಬೊಬ್ಬರದು ಒಂದೊಂದು ಕಡೆ, ನೋಟು ಮಾತ್ರ ಅಷ್ಟೇ.

ಐವತ್ತು ಮೆಗಾಪಿಕ್ಸೆಲ್ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಥ ಫೋನುಗಳು ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಚುಕ್ಕೆ ಸೇರಿಸಿ ಒಂದು ಮಾಡುತ್ತವೆ. ಐವತ್ತು ಭಾಗಿಸು ನಾಲ್ಕು, ಹನ್ನೆರಡೂವರೆ. ಕೊನೆಗೆ ಕೈಗೆ ಬರುವ ಫೋಟೋ ಹನ್ನೆರಡೂವರೆಯದು. ಇದನ್ನು ಕೇಳಿ ಮೊಮ್ಮಗಳ ಮುಖ ಕೊಂಚ ಸಣ್ಣದಾಯಿತು, ನನಗೆ ಒಳಗೊಳಗೇ ಖುಷಿ. ಫೋನಿನ ಬೆನ್ನ ಮೇಲೆ ಮೂರ್ನಾಲ್ಕು ಕಣ್ಣು ನೋಡಿ ಮೋಸಹೋಗಬೇಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಒಂದೆರಡು ಕಣ್ಣು ಬರೀ 2 ಮೆಗಾಪಿಕ್ಸೆಲ್‌ನವು, ದೃಷ್ಟಿಬೊಟ್ಟಿನ ಹಾಗೆ.

ಎರಡನೇ ಸುತ್ತಿಗೆ ಆಕಾಶವೇ ಮುಹೂರ್ತ ಇಟ್ಟುಕೊಟ್ಟಿತು. ಸೆಪ್ಟೆಂಬರ್ 7, ಭಾನುವಾರ, ಪೂರ್ಣ ಚಂದ್ರಗ್ರಹಣ. ರಾತ್ರಿ ಹತ್ತಕ್ಕೆ ಮೂರು ನಿಮಿಷ ಇರುವಾಗ ಹಿಡಿಯಲು ಶುರುವಾಗಿ, ಹನ್ನೊಂದರಿಂದ 82 ನಿಮಿಷ ಚಂದ್ರ ಪೂರ್ತಿ ಭೂಮಿಯ ನೆರಳಿನೊಳಗೆ.

"ಗ್ರಹಣದ ಹೊತ್ತಲ್ಲಿ ಮಗೂನ ಆಚೆ ಕರ್ಕೊಂಡು ಹೋಗ್ತಾರೇನ್ರೀ?" ಎಂದು ಅಜ್ಜಿಯ ಆಕ್ಷೇಪ. ಕುಡಿಯುವ ನೀರಿಗೆ, ಉಪ್ಪಿನಕಾಯಿ ಜಾಡಿಗೆಲ್ಲ ದರ್ಭೆ ಹಾಕಿ, ದೇವರ ಮನೆ ಬಾಗಿಲು ಹಾಕಿ ಕೂತಿದ್ದಳು. ನಾವಿಬ್ಬರೂ ಊಟ ಮುಗಿಸಿ ತಾರಸಿಗೆ ಹತ್ತಿದೆವು. ಚಂದ್ರಗ್ರಹಣವನ್ನು ಬರಿಗಣ್ಣಲ್ಲಿ ಎಷ್ಟು ಹೊತ್ತಾದರೂ ನೋಡಬಹುದು, ಏನೂ ಆಗುವುದಿಲ್ಲ. ಸೂರ್ಯಗ್ರಹಣದ ಕಡೆಗೆ ಮಾತ್ರ ಕಣ್ಣನ್ನಾಗಲಿ ಕ್ಯಾಮೆರಾವನ್ನಾಗಲಿ ಹಾಗೇ ತಿರುಗಿಸಬಾರದು, ಇದನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು.

ನಮ್ಮ ಕ್ಯಾಸಂಬಳ್ಳಿಯ ಮೇಲೆ ಮೋಡ ಬಂದು ಹೋಗಿ ಮಾಡುತ್ತಿತ್ತು. ತೆರಪು ಸಿಕ್ಕಾಗ ಮೊಮ್ಮಗಳು ಫೋನು ಎತ್ತಿ ಒತ್ತಿದಳು. ಬಂದದ್ದು ಬೀದಿದೀಪ. ಮತ್ತೆ ಒತ್ತಿದಳು, ಮತ್ತೆ ಬೀದಿದೀಪ. ಬೆರಳಿನಿಂದ ಪರದೆ ಹಿಗ್ಗಿಸಿದಳು, ದೊಡ್ಡ ಬೀದಿದೀಪ.

ನಾನು ಐದು ಕೆಜಿ ರಾಗಿ ಚೀಲವನ್ನು ತಾರಸಿಯ ಮೋಟುಗೋಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದೆ. ಗುಂಡಿ ಒತ್ತುವ ಬೆರಳಿನ ಅಲುಗಾಟ ನಿಂತ ಮೇಲೆ ಅದು ಚಿತ್ರ ತೆಗೆಯಲಿ ಅಂತ. ಲೆನ್ಸ್ ಗುರ್ರೆನ್ನುತ್ತ ಮುಂದೆ ಚಾಚಿತು. ಚಿತ್ರದಲ್ಲಿ ಚಂದ್ರ, ಚಂದ್ರನ ಮೇಲೆ ಕಲೆಗಳು, ಕೆಳಗಡೆ ಟೈಕೋ ಎಂಬ ಕುಳಿಯಿಂದ ಹೊರಟ ಬಿಳೀ ಗೆರೆಗಳು.

"ತಾತ!" ಎಂದಳು. ಆ ಒಂದು ಕೂಗಿಗೆ ಶಾಖೆಯವರು ಹಾಕಿದ ದುಡ್ಡು ವಸೂಲಾಯಿತು.

ಇಲ್ಲಿನ ಲೆಕ್ಕ ಹೀಗೆ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಚಂದ್ರ ಚಿತ್ರದ ಎತ್ತರದ ಸುಮಾರು ನೂರನೇ ಒಂದು ಭಾಗ ಮಾತ್ರ. ನನ್ನ ಕ್ಯಾಮೆರಾದ ಲೆನ್ಸ್ ತನ್ನ ಗಾಜುಗಳನ್ನು ಹಿಂದೆ ಮುಂದೆ ಸರಿಸಿ 16 ಪಟ್ಟು ಹತ್ತಿರ ತರುತ್ತದೆ, ಆಗ ಚಂದ್ರ ಎತ್ತರದ ಆರನೇ ಒಂದು ಭಾಗ. ಸಾಮಾನ್ಯ ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿದಾಗ ಗಾಜು ಎಲ್ಲೂ ಸರಿಯುವುದಿಲ್ಲ, ಬಂದ ಚಿತ್ರದ ನಡುವಿನ ಚೂರನ್ನೇ ಕತ್ತರಿಸಿ ದೊಡ್ಡದು ಮಾಡುತ್ತದೆ. ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಜೆರಾಕ್ಸ್ ಅಂಗಡಿಯಲ್ಲಿ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದ ಹಾಗೆ. ಹೆಚ್ಚು ಬೆಲೆಯ ಫೋನುಗಳಲ್ಲಿ ದೂರಕ್ಕೆಂದೇ ಬೇರೆ ಲೆನ್ಸ್ ಇರುತ್ತದೆ, ಆದರೆ ಅವುಗಳ ಬೆಲೆಗೆ ನಾವು ಒಂದು ಹಸು ಕೊಳ್ಳಬಹುದು.

ಹನ್ನೊಂದಾದ ಮೇಲೆ ಚಂದ್ರ ಕಾಯಿಸಿದ ತಾಮ್ರದ ಬಣ್ಣಕ್ಕೆ ತಿರುಗಿದ. ಭೂಮಿಯ ಗಾಳಿಯ ಪದರ ಸೂರ್ಯನ ಕೆಂಪು ಬೆಳಕನ್ನಷ್ಟೇ ಬಗ್ಗಿಸಿ ನೆರಳಿನೊಳಗೆ ಕಳಿಸುವುದರಿಂದ ಹಾಗೆ. ಆಗ ನನ್ನ ಕ್ಯಾಮೆರಾಗೂ ಬೆಳಕು ಸಾಲಲಿಲ್ಲ. ಎರಡು ಮೂರು ಸೆಕೆಂಡ್ ಬೆಳಕು ಕುಡಿಸಿ ತೆಗೆದ ಚಿತ್ರದಲ್ಲಿ ಚಂದ್ರ ಕೆಂಪಗಿದ್ದಾನೆ, ಸ್ವಲ್ಪ ಅಲುಗಿದ್ದಾನೆ, ಅಂಚಿನಲ್ಲಿ ಮೋಡದ ಎಳೆಯೊಂದಿದೆ. ಯಾವಾಗಲೋ ಸೆರಗು ಹೊದ್ದುಕೊಂಡು ಅಜ್ಜಿಯೂ ಮೇಲೆ ಬಂದು ನಿಂತಿದ್ದಳು. ನೋಡಿದಳು. ಏನೂ ಹೇಳಲಿಲ್ಲ. ಆಮೇಲೆ ಎಲ್ಲರಿಗೂ ಸ್ನಾನ ಮಾಡಿಸಿಯೇ ಮಲಗಗೊಟ್ಟಳು.

ಮಾರನೆಯ ದಿನ ಒಂದು ಸಮಸ್ಯೆ ಎದ್ದಿತು. ನನ್ನ ಮಗ ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವನು. ಅವನ ರೈಲಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಯಾರೋ ದುಬಾರಿ ಫೋನಿನಲ್ಲಿ ತೆಗೆದ ಹುಣ್ಣಿಮೆ ಚಂದ್ರನ ಫೋಟೋ ಹಾಕಿದ್ದರು. ನನ್ನದಕ್ಕಿಂತ ಎಷ್ಟೋ ಚೂಪಾಗಿತ್ತು. ಮೊಮ್ಮಗಳು ನನ್ನ ಮುಖ ನೋಡಿದಳು.

ಅದಕ್ಕೆ ಅವಳಿಗೆ 2023ರ ಒಂದು ಸಂಗತಿ ಹೇಳಿದೆ. ಆ ವರ್ಷದ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕೋಣೆ ಕತ್ತಲು ಮಾಡಿ, ದೂರದಿಂದ ಸ್ಯಾಮ್‌ಸಂಗ್‌ನ ಮೇಲ್ದರ್ಜೆಯ ಫೋನಿನಲ್ಲಿ ಅದರ ಫೋಟೋ ತೆಗೆದ. ಪರದೆಯ ಮೇಲೆ ಇದ್ದದ್ದು ಮಸುಕು ಉಂಡೆ, ಫೋನಿನಲ್ಲಿ ಬಂದದ್ದು ಕುಳಿಗಳಿರುವ ಚಂದ್ರ. ಇಲ್ಲದ ಕುಳಿ ಎಲ್ಲಿಂದ ಬಂತು? ಫೋನಿಗೆ ಚಂದ್ರನ ಬಹಳಷ್ಟು ಚಿತ್ರ ತೋರಿಸಿ ಕಲಿಸಲಾಗಿದೆ, ಇದು ಚಂದ್ರ ಎಂದು ಗುರುತು ಹಿಡಿದರೆ ಅದು ವಿವರಗಳನ್ನು ತಿದ್ದಿ ಹೆಚ್ಚಿಸುತ್ತದೆ ಎಂದು ಕಂಪನಿಯೇ ವಿವರಣೆ ಕೊಟ್ಟಿತು. ಅದನ್ನು ಮುಚ್ಚಿಟ್ಟಿರಲಿಲ್ಲ, ಬೇಡವಾದರೆ ಆರಿಸಿಕೊಳ್ಳುವ ಸೌಕರ್ಯವೂ ಇತ್ತು.

ಆದರೂ ನನಗೆ ಇದು ವೋಚರ್ ಇಲ್ಲದೆ ಎಂಟ್ರಿ ಹಾಕಿದ ಹಾಗೆ ಕಾಣುತ್ತದೆ. ನಮ್ಮ ಕೆಲಸದಲ್ಲಿ ಖಾತೆದಾರ ಪ್ರತಿ ತಿಂಗಳೂ ಐನೂರು ರೂಪಾಯಿ ಕಟ್ಟುವವನೇ ಇರಬಹುದು, ಈ ತಿಂಗಳೂ ಕಟ್ಟಿಯೇ ಕಟ್ಟುತ್ತಾನೆ ಎಂದು ನನಗೆ ಗೊತ್ತಿರಬಹುದು. ಅವನು ಬಂದು ಚಲನ್ ಕೊಡುವ ತನಕ ನಾನು ಬರೆದುಕೊಳ್ಳುವ ಹಾಗಿಲ್ಲ. ಚಂದ್ರನಿಗೆ ಕುಳಿ ಇರುವುದು ನಿಜ, ಫೋನು ಸುಳ್ಳು ಹೇಳಲಿಲ್ಲ. ಆದರೆ ಆ ರಾತ್ರಿ ಆ ಲೆನ್ಸಿಗೆ ಅದು ಕಂಡಿತ್ತೇ? ನನ್ನ ಕೆಂಪು ಚಂದ್ರನ ಅಂಚಿನಲ್ಲಿರುವ ಮೋಡದ ಎಳೆ ಕ್ಯಾಸಂಬಳ್ಳಿಯ ಮೇಲೆ ಹಾದುಹೋದ ಮೋಡ.

ನನ್ನ ಪುಟ್ಟ ಕ್ಯಾಮೆರಾ ಪರಮ ಸತ್ಯವಂತ ಎಂದಲ್ಲ, ಅದೂ ಬಣ್ಣ ತಿದ್ದುತ್ತದೆ, ಚುಕ್ಕೆ ಒರೆಸುತ್ತದೆ. ಒಳಗೆ ಲೆಕ್ಕ ಹಾಕದ ಡಿಜಿಟಲ್ ಕ್ಯಾಮೆರಾ ಇಲ್ಲವೇ ಇಲ್ಲ. ತಾನು ಕಾಣದ್ದನ್ನು ಊಹಿಸಿ ಬರೆಯುವಷ್ಟು ಬುದ್ಧಿ ಅದಕ್ಕಿಲ್ಲ, ಅಷ್ಟೆ.

ಎರಡು ಸುತ್ತಿಗೆ ಒಂದೊಂದು. ಮೂರನೆಯದಕ್ಕೆ ದಸರಾ ರಜೆಯ ತನಕ ಕಾದೆವು. ಈ ಸಲ ಸಮೀಕ್ಷೆಯ ಕೆಲಸದಿಂದಾಗಿ ರಜೆ ಅಕ್ಟೋಬರ್ 18ರವರೆಗೂ ಲಂಬಿಸಿತು, ನಮಗೆ ಅನುಕೂಲವಾಯಿತು.

ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋದೆವು. ಅಲ್ಲಿನ ದೊಡ್ಡ ಲಿಂಗ 108 ಅಡಿ ಎತ್ತರ. ಎದುರು ನಿಂತು ಕ್ಯಾಮೆರಾ ಹಿಡಿದರೆ ಅರ್ಧ ಲಿಂಗ. ಹಿಂದೆ ಹಿಂದೆ ಸರಿದು ಯಾರದೋ ಕಾಲು ತುಳಿದು ಬೈಸಿಕೊಂಡೆ, ಮೂರು ಭಾಷೆಯಲ್ಲಿ. ನಮ್ಮ ಕಡೆ ಬೈಗುಳಕ್ಕೆ ಕನ್ನಡ, ತೆಲುಗು, ತಮಿಳು ಎಂಬ ಭೇದವಿಲ್ಲ. ಫೋನಿನ ಅಗಲದ ಕಣ್ಣಿನಲ್ಲಿ ಮೊಮ್ಮಗಳು ನಿಂತಲ್ಲೇ ಇಡೀ ಲಿಂಗ, ಸುತ್ತಲಿನ ಸಾಲು ಸಾಲು ಪುಟ್ಟ ಲಿಂಗಗಳು, ನನ್ನ ಬೋಳುತಲೆ ಎಲ್ಲವನ್ನೂ ತೆಗೆದಳು. ಅಷ್ಟೂ ಅಂಕ ಫೋನಿಗೆ.

ಇನ್ನೊಂದು ದಿನ ಬೇತಮಂಗಲದ ಕೆರೆ. ಪಾಲಾರ್ ನದಿಯ ಈ ಕೆರೆಯಿಂದಲೇ ಬ್ರಿಟಿಷರ ಕಾಲದಲ್ಲಿ ಚಿನ್ನದ ಗಣಿಯ ಊರಿಗೆ ನೀರು ಹೋಗುತ್ತಿದ್ದದ್ದು. ನೀರಿನ ನಡುವಿನ ಒಣಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಒಣಗಿಸುತ್ತಿದ್ದವು. ಇತ್ತ ದಡದ ಹತ್ತಿರದ ಕೊಂಬೆಯಲ್ಲಿ ಒಂದು ಮಿಂಚುಳ್ಳಿ. ಫೋನಿನಲ್ಲಿ ಅದು ಒಂದು ನೀಲಿ ಚುಕ್ಕೆ. ಕ್ಯಾಮೆರಾದ ಲೆನ್ಸ್ ಪೂರ್ತಿ ಚಾಚಿದಾಗ ಅದರ ಕೆಂಪು ಕೊಕ್ಕು, ಎದೆಯ ಬಿಳುಪು, ಕೊಕ್ಕಿನ ತುದಿಯ ನೀರಹನಿ. ಮೊಮ್ಮಗಳು ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡವಳು ಮತ್ತೆ ಕೊಡಲೇ ಇಲ್ಲ. ಒಂದೂವರೆ ಗಂಟೆಯಲ್ಲಿ ಮಿಂಚುಳ್ಳಿಯದೇ 212 ಫೋಟೋ.

"ಅಷ್ಟೊಂದು ಯಾಕಮ್ಮ?" ಎಂದೆ. "ಇರಲಿ ತಾತ, ದುಡ್ಡೇನು ಖರ್ಚಾಗುತ್ತೆ?" ಎಂದಳು. ಅದೂ ಸರಿಯೇ. ವಾಪಸು ಬರುವಾಗ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕಂಡವು, ಅವುಗಳಾಚೆ ಶಾಫ್ಟಿನ ಕಬ್ಬಿಣದ ಗೋಪುರ. ಆಗ ಅವಳಿಗೆ ನನ್ನ ನಾಲ್ಕು ಫೋಟೋದ ಕತೆ ಹೇಳಿದೆ.

ನಾನು ಕೆಜಿಎಫ್‌ನ ಶಾಖೆಯಲ್ಲಿದ್ದಾಗಲೇ, 2001ರ ಫೆಬ್ರವರಿ 28ರಂದು, ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಗಣಿ, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಸಂಬಳದ ದಿನ ನಮ್ಮ ಕೌಂಟರಿನ ಮುಂದೆ ನಿಲ್ಲುತ್ತಿದ್ದವರಲ್ಲಿ ಬಹಳ ಮಂದಿ ಆ ಆಳದಲ್ಲಿ ಇಳಿದು ಹತ್ತಿದವರು. ನನ್ನ ಹತ್ತಿರ ಆಗ ಕೊಡ್ಯಾಕ್ ಕೆಬಿ 10 ಎಂಬ ಪ್ಲಾಸ್ಟಿಕ್ ಕ್ಯಾಮೆರಾ ಇತ್ತು. 36 ಚಿತ್ರದ ರೋಲಿನಲ್ಲಿ ಯಾವುದೋ ಮದುವೆಗೆ 32 ಮುಗಿದು ನಾಲ್ಕು ಉಳಿದಿದ್ದವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ಆ ನಾಲ್ಕನ್ನು ತೆಗೆದೆ. ಒಂದರಲ್ಲಿ ಶಾಫ್ಟಿನ ಗೋಪುರ, ತುದಿಯ ಗಾಲಿ. ಎರಡರಲ್ಲಿ ನನ್ನ ಕೌಂಟರಿಗೆ ಬರುತ್ತಿದ್ದ ಮೂವರು ಕಾರ್ಮಿಕರು ಗೇಟಿನ ಹತ್ತಿರ ನಿಂತಿದ್ದಾರೆ. ನಾಲ್ಕನೆಯದರಲ್ಲಿ ನನ್ನ ಹೆಬ್ಬೆರಳು.

ಏಳೆಂಟು ವರ್ಷವಾದ ಮೇಲೆ ಒಬ್ಬ ಯುವಕ ಬ್ಯಾಂಕಿಗೆ ಬಂದ. ಆ ಮೂವರಲ್ಲಿ ಒಬ್ಬರ ಮಗ. ತಂದೆ ತೀರಿಕೊಂಡಿದ್ದರು. ಅವರದೆಂದು ಮನೆಯಲ್ಲಿದ್ದ ಫೋಟೋ ನಮ್ಮ ಪಾಸ್‌ಬುಕ್ಕಿಗೆ ಅಂಟಿಸಿದ್ದು ಒಂದೇ. "ಅಪ್ಪ ಹೇಳ್ತಿದ್ರು ಸಾರ್, ಗಣಿ ಮುಚ್ಚಿದ ದಿನ ಬ್ಯಾಂಕ್ ಸಾರ್ ಫೋಟೋ ತೆಗೆದ್ರು ಅಂತ." ನೆಗೆಟಿವ್ ನಮ್ಮ ಮನೆಯ ಬಿಸ್ಕತ್ ಡಬ್ಬಿಯಲ್ಲಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಟ್ಟೆ. ಅಪ್ಪ ನೇರ ನಿಂತಿದ್ದಾರೆ, ಕೈಯಲ್ಲಿ ಟಿಫಿನ್ ಕ್ಯಾರಿಯರ್.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದೊಡ್ಡಜ್ಜಿ ಫೋಟೋ ಯಾಕಿಲ್ಲ?" ಎಂದಳು. ದೊಡ್ಡಜ್ಜಿ ಎಂದರೆ ನನ್ನ ಅಕ್ಕ.

ಈ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಕ್ಕ ಕೊನೆಯ ಒಂದೂವರೆ ವರ್ಷ ನಮ್ಮ ಮನೆಯಲ್ಲೇ ಇದ್ದಳು. ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುವುದು, ಮೊಮ್ಮಗಳಿಗೆ ಜಡೆ ಹಾಕುವುದು, ಎಲ್ಲವನ್ನೂ ನಾನು ಫೋನಿನಲ್ಲಿ ತೆಗೆದಿದ್ದೆ. 2021ರಲ್ಲಿ ನೀರು ಎಷ್ಟಿದೆ ಎಂದು ಸಂಪಿನೊಳಗೆ ಬಗ್ಗಿ ನೋಡುವಾಗ ಅಂಗಿಯ ಜೇಬಿನಿಂದ ಫೋನು ಜಾರಿ ಒಳಗೆ ಬಿತ್ತು. ರಿಪೇರಿ ಅಂಗಡಿಯವರು ಎರಡು ದಿನ ಇಟ್ಟುಕೊಂಡು ಕೈಚೆಲ್ಲಿದರು. ಅಕ್ಕ ಹೋಗಿ ಆಗ ಮೂರು ತಿಂಗಳಾಗಿತ್ತು.

ಇದಕ್ಕೆ ಫೋನನ್ನು ಬಯ್ಯುವುದು ಸುಲಭ, ಬಹಳ ದಿನ ಬೈದೆ. ತಪ್ಪು ನನ್ನದು. ಶಾಖೆಗೆ ಕಂಪ್ಯೂಟರ್ ಬಂದಾಗ ದಿನದ ಲೆಕ್ಕ ಮುಗಿಸಿ ಬ್ಯಾಕಪ್ ತೆಗೆಯದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಒಂದು ಪ್ರತಿ ನಮ್ಮಲ್ಲಿ, ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ. ಊರಿನವರ ಹಣದ ಲೆಕ್ಕಕ್ಕೆ ಎರಡು ಪ್ರತಿ ಇಟ್ಟವನು ಅಕ್ಕನ ಮುಖಕ್ಕೆ ಒಂದೇ ಪ್ರತಿ ಇಟ್ಟೆ. ಫೋನಿನಲ್ಲಿ ಫೋಟೋಗಳು ತಾವಾಗಿಯೇ ಇಂಟರ್‌ನೆಟ್ ಖಾತೆಗೆ ಹೋಗಿ ಕೂರುವ ಏರ್ಪಾಡು ಆಗಲೂ ಇತ್ತು. ಡಾಟಾ ಖರ್ಚಾಗುತ್ತದೆಂದು ನಾನೇ ಅದನ್ನು ಆರಿಸಿಟ್ಟಿದ್ದೆ. ಇದನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ಮನೆಗೆ ಬಂದು ಕೈಕಾಲು ತೊಳೆಯುವ ಮೊದಲು ನನ್ನ ಈಗಿನ ಫೋನು ತೆಗೆದುಕೊಂಡು ಅದೇನೋ ಒತ್ತಿ, "ಈಗ ಆನ್ ಆಯ್ತು" ಎಂದಳು.

ಹಾಗೆ ನೋಡಿದರೆ ಈ ವಿಷಯದಲ್ಲಿ ಕ್ಯಾಮೆರಾಗಿಂತ ಫೋನೇ ಮೇಲು. ಕ್ಯಾಮೆರಾದ ಕಾರ್ಡು ತಾನಾಗಿ ಎಲ್ಲಿಗೂ ಪ್ರತಿ ಕಳಿಸುವುದಿಲ್ಲ. ಕಳೆದರೆ ಕಳೆಯಿತು, ಕೆಟ್ಟರೆ ಕೆಟ್ಟಿತು.

ಪಂದ್ಯದ ಫಲಿತಾಂಶ ಎರಡಕ್ಕೆ ಎರಡು ಎಂದು ನೀವು ಎಣಿಸಿಕೊಂಡಿರಬಹುದು. ಜಗತ್ತಿನ ಫಲಿತಾಂಶ ಹಾಗಿಲ್ಲ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಇಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಮೂರೂವರೆ ಕಿಲೋ ಭಾರ, ಹಾಡಿನ ಕ್ಯಾಸೆಟ್ಟಿನಂಥದರ ಮೇಲೆ ಒಂದು ಚಿತ್ರ ಬರೆಯಲು 23 ಸೆಕೆಂಡ್, ಚಿತ್ರದಲ್ಲಿ ಒಟ್ಟು ಹತ್ತು ಸಾವಿರ ಚುಕ್ಕೆ. ಅಲ್ಲಿಂದ ಬೆಳೆದು 2010ರಲ್ಲಿ ಒಂದೇ ವರ್ಷ ಪ್ರಪಂಚದಾದ್ಯಂತ ಹತ್ತಿರ ಹತ್ತಿರ 11 ಕೋಟಿ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಮಾರಾಟಕ್ಕೆ ಹೊರಟವು. 2023ರಲ್ಲಿ ಆ ಸಂಖ್ಯೆ 20 ಲಕ್ಷವನ್ನೂ ಮುಟ್ಟಲಿಲ್ಲ. ಇದು ಜಪಾನಿನ ಕ್ಯಾಮೆರಾ ತಯಾರಕರ ಸಂಘದ್ದೇ ಲೆಕ್ಕ. ನನ್ನ ಕ್ಯಾಮೆರಾದಂಥದು ಈಗ ಹೊಸದಾಗಿ ಬೇಕೆಂದರೆ ಅಂಗಡಿಯವರು ಫೋನು ತೋರಿಸುತ್ತಾರೆ.

ಹಾಗಾಗಿ ಹೊಸದಾಗಿ ಪುಟ್ಟ ಕ್ಯಾಮೆರಾ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನೆ, ಮಕ್ಕಳು, ಹಬ್ಬ, ದೇವಸ್ಥಾನ, ರೇಷನ್ ಕಾರ್ಡಿನ ಪ್ರತಿ, ಇಷ್ಟಕ್ಕೆ ಫೋನು ಸಾಕು, ಸಾಕಷ್ಟೇ ಅಲ್ಲ, ಮೇಲು. ದೂರದ ಹಕ್ಕಿ, ಚಂದ್ರ, ಶಾಲಾ ನಾಟಕದ ವೇದಿಕೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತ ನಿಮ್ಮ ಮೊಮ್ಮಗ, ಇವುಗಳಿಗೆ ಮಾತ್ರ ಚಾಚುವ ಲೆನ್ಸ್ ಬೇಕು. ಅಂಥ ಹಳೆಯ ಕ್ಯಾಮೆರಾ ಮನೆಯಲ್ಲೇ ಇದ್ದರೆ ಎಸೆಯಬೇಡಿ ಎನ್ನುತ್ತೇನೆ. ಅದಕ್ಕೆ ಲೆನ್ಸಿಗಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಹೇಳಿದ್ದು ನನ್ನ ಸೊಸೆ.

ಆಕೆ ಮಗಳ ಕೈಗೆ ಫೋನು ಕೊಡುವುದು ದಿನಕ್ಕೆ ಅರ್ಧ ಗಂಟೆ, ಅದೂ ಎದುರಿಗೆ ಕೂತು. ಬೇತಮಂಗಲದಲ್ಲಿ ಒಂದೂವರೆ ಗಂಟೆ ಕ್ಯಾಮೆರಾ ಹಿಡಿದಿದ್ದವಳನ್ನು ಯಾರೂ ಕಾಯಬೇಕಾಗಿರಲಿಲ್ಲ. ಫೋನಾಗಿದ್ದರೆ ಮಿಂಚುಳ್ಳಿ ಕೊಂಬೆ ಬಿಟ್ಟು ಹಾರುವುದರೊಳಗೆ ಮೂರು ಮೆಸೇಜು, ಒಂದು ಆಟ, ಯಾರದೋ ಕುಣಿತ ಬಂದುಬಿಡುತ್ತಿತ್ತು. "ಮಾವ, ಆ ಕ್ಯಾಮೆರಾನ ಬೆಂಗಳೂರಿಗೆ ಕಳಿಸಬೇಡಿ" ಎಂದಳು. ಡಿಸೆಂಬರಿನಲ್ಲಿ ಮಕ್ಕಳನ್ನು ಶಾಲೆಯಿಂದ ಹಂಪಿಗೆ ಪ್ರವಾಸ ಕರೆದುಕೊಂಡು ಹೋಗುತ್ತಾರೆ. ಫೋನು ತರುವ ಹಾಗಿಲ್ಲ, ಕ್ಯಾಮೆರಾ ತರಬಹುದು. ಮಗಳ ಮಗನಿಗೆ ಫೋನು ಮಾಡಿ, ಸರದಿಯಲ್ಲಿ ನಿಲ್ಲಪ್ಪ, ನಿನ್ನ ಮುಂದೆ ಒಬ್ಬಳಿದ್ದಾಳೆ ಎಂದು ಹೇಳಿದ್ದಾಯಿತು.

ಬೀರುವಿನಿಂದ ಇಂಥ ಕ್ಯಾಮೆರಾ ತೆಗೆಯುವ ಅಜ್ಜ ಅಜ್ಜಿಯರಿಗೆ ಒಂದೆರಡು ಮಾತು. ಸೆಲ್ಲುಗಳನ್ನು ಒಳಗೇ ಬಿಟ್ಟಿದ್ದರೆ ಅವು ಸೋರಿ ಬಿಳಿ ಪುಡಿ ಕಟ್ಟಿರುತ್ತದೆ. ಮಕ್ಕಳ ಕೈಗೆ ಕೊಡದೆ ನೀವೇ, ನಿಂಬೆರಸ ಸೋಕಿಸಿದ ಹತ್ತಿಯಿಂದ ಆ ಜಾಗ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಸಾದಾ ಸೆಲ್ಲು ಬೇಗ ಮುಗಿಯುತ್ತದೆ, ಚಾರ್ಜ್ ಮಾಡುವಂಥದು ತನ್ನಿ. ಕಾರ್ಡಿನಲ್ಲಿರುವ ಹಳೇ ಫೋಟೋಗಳನ್ನು ಮೊದಲು ಎರಡು ಕಡೆ ಪ್ರತಿ ಮಾಡಿಸಿ, ಆಮೇಲೆ ಹೊಸದು ತೆಗೆಯಿರಿ. ತಾರೀಖು ಸರಿಮಾಡುವುದನ್ನು ಮರೆಯಬೇಡಿ. ನನ್ನದರಲ್ಲಿ ಹಾಗೇ ಬಿಟ್ಟಿದ್ದರಿಂದ ಗ್ರಹಣದ ರಾತ್ರಿಯ ಚಿತ್ರಗಳೆಲ್ಲ ಹನ್ನೆರಡು ವರ್ಷ ಹಿಂದಿನ ದಿನಾಂಕ ಹೊತ್ತು ಕೂತಿವೆ. ವೋಚರ್ ಮಾತಾಡಿದವನ ಲೆಕ್ಕದಲ್ಲಿ ತಪ್ಪು ತಾರೀಖು ಎಂದು ಮೊಮ್ಮಗಳು ಈಗಲೂ ಆಡಿಕೊಳ್ಳುತ್ತಾಳೆ.

ಆ ಕಪ್ಪು ಚೀಲದ ಜಿಪ್ ಹೋಗಿದೆ. ಹಂಪಿಯ ಧೂಳಿಗೆ ಬೇಕಾಗುತ್ತದೆಂದು ಅವಳ ಅಜ್ಜಿ ಹಳೇ ರವಿಕೆ ಬಟ್ಟೆಯಲ್ಲಿ ಹೊಸ ಚೀಲ ಹೊಲಿಯುತ್ತಿದ್ದಾಳೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದಿನ ಜಾಗಕ್ಕೆ ಆಗಲೇ ಬೇರೇನೋ ಬಂದು ಕೂತಿದೆ, ನಾನು ಕೇಳಲು ಹೋಗಿಲ್ಲ.